ಇಲ್ಲಿ ಸಾರಿಸಬಾರದು

ನಮ್ಮ ಬೀಜದ ಫಾರ್ಮಿನಲ್ಲಿ ಬೆಳಕಿನ ಬಲೆ ನೋಡಿಕೊಳ್ಳುವುದಕ್ಕೆ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರಂತೆ. ಅವರಿಗೆ ಕೆಲಸ ಹೇಳಿಕೊಡಲು ಬನ್ನಿ ಎಂದು ಸುಧಾ ಮೇಡಮ್ ಎರಡು ಸಲ ಹೇಳಿ ಕಳಿಸಿದರು. ಶಿರಹಟ್ಟಿಯಿಂದ ಅಲ್ಲಿಗೆ ಅರ್ಧ ತಾಸಿನ ದಾರಿ, ಆದರೆ ಬಸ್ಸಿನ ಮೆಟ್ಟಿಲು ಹತ್ತಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಬರೆದು ಕೊಡುತ್ತೇನೆ, ಓದಿಕೊಳ್ಳಲಿ ಎಂದೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಒತ್ತು, ದೀರ್ಘ ಮೇಡಮ್ ತಿದ್ದಿದ್ದಾರೆ. ಮಾತು ಎಲ್ಲ ನನ್ನವೇ.

ಧಾರವಾಡ ಜಿಲ್ಲೆ ಒಡೆದು ಗದಗ ಜಿಲ್ಲೆ ಆಯಿತಲ್ಲ, ಆ ವರ್ಷ ನಾನು ಕೆಲಸಕ್ಕೆ ಸೇರಿದೆ. ಮೊದಲು ಕಳೆ ತೆಗೆಯುವುದಕ್ಕೆ ತೆಗೆದುಕೊಂಡರು. ಆರು ತಿಂಗಳಿಗೆ ಬಲೆಗೆ ಹಾಕಿದರು. ನನಗೆ ಜಾಣತನ ಹೆಚ್ಚು ಇತ್ತೆಂದು ಅಲ್ಲ. ಬೇರೆ ಹೆಂಗಸರು ಹುಳು ಮುಟ್ಟಲು ಹೇಸುತ್ತಿದ್ದರು, ನಾನು ಹೇಸುತ್ತಿರಲಿಲ್ಲ. ಅಷ್ಟೇ.

ಬೆಳಕಿನ ಬಲೆ ಎಂದರೆ ಬಲೆಯಲ್ಲ. ಒಂದು ಕಂಬ, ಅದರ ಮೇಲೊಂದು ದೀಪ, ದೀಪದ ಕೆಳಗೆ ತಗಡಿನ ಲಾಳಿಕೆ, ಲಾಳಿಕೆಯ ಕೆಳಗೆ ಡಬ್ಬಿ. ರಾತ್ರಿ ದೀಪಕ್ಕೆ ಬಂದ ಹುಳು ಡಬ್ಬಿಗೆ ಬೀಳುತ್ತದೆ. ಬೆಳಗ್ಗೆ ಡಬ್ಬಿ ಸುರುವಿ, ಬೇರೆ ಬೇರೆ ಮಾಡಿ, ಎಣಿಸಿ, ಹಾಳೆಯಲ್ಲಿ ಬರೆಯಬೇಕು. ಹಾಳೆಯಲ್ಲಿ ಏಳು ಖಾನೆ. ಆರಕ್ಕೆ ಹೆಸರಿತ್ತು: ಹತ್ತಿಯ ಕಾಯಿ ಕೊರೆಯುವುದು, ಶೇಂಗಾ ಎಲೆ ತಿನ್ನುವುದು, ಹೀಗೆ ಬೆಳೆ ಹಾಳು ಮಾಡುವ ಆರು ಹುಳು. ಏಳನೆಯ ಖಾನೆಯ ತಲೆಯ ಮೇಲೆ ‘ಇತರೆ’ ಎಂದು ಬರೆದಿತ್ತು. ಅದರಲ್ಲಿ ಏನು ಬರೆಯಬೇಕು ಎಂದು ನಾನು ಹಳೆಯ ಸಾಹೇಬರನ್ನು ಕೇಳಿದೆ. ಏನೂ ಬೇಡ, ಹಾಗೇ ಬಿಡು ಎಂದರು. ಡಬ್ಬಿಯಲ್ಲಿ ಮುಕ್ಕಾಲು ಪಾಲು ಇತರೆಯೇ ಇರುತ್ತಿತ್ತು. ಅದನ್ನು ಗುಂಡಿಗೆ ಸುರಿಯುತ್ತಿದ್ದೆ. ಹದಿನೈದು ವರ್ಷ ಸುರಿದೆ.

ಹಳೆಯ ಸಾಹೇಬರು ಮಾತು ಕಡಿಮೆ, ಕಣ್ಣು ಚೂಪು. ಒಂದು ಮಳೆಗಾಲ ನನ್ನ ಮಗಳ ಬಾಣಂತನ ಬಂತು. ಬೆಳಗ್ಗೆ ಓಡೋಡಿ ಬಂದು, ಡಬ್ಬಿ ನೋಡಿದಂತೆ ಮಾಡಿ, ಅಂದಾಜಿನಲ್ಲಿ ಬರೆದು, ಓಡೋಡಿ ಹೋಗುತ್ತಿದ್ದೆ. ಶನಿವಾರ ಸಾಹೇಬರು ಹಾಳೆ ಹಿಡಿದುಕೊಂಡು ಬಂದರು.

“ಮಾಬೂಬಿ, ನಿನ್ನ ಹುಳಾ ಭಾಳ ಶಿಸ್ತಿನವು ನೋಡು. ಐದೂ ದಿನಾ ಹದಿನೇಳ ಬಂದಾವು. ಒಂದಕ್ಕೂ ರಜಾ ಇಲ್ಲ.”

ಬೈಯಲಿಲ್ಲ. ಮುಂದಿನ ಹತ್ತು ದಿನ ನಾನು ಎಣಿಸುವಾಗ ಪಕ್ಕದಲ್ಲಿ ನಿಂತು, ನಾನು ಎಣಿಸಿದ ಮೇಲೆ ತಾವೂ ಎಣಿಸಿದರು. ಆ ಹತ್ತು ದಿನದಲ್ಲಿ ನನ್ನ ಬೆರಳು ಕಲಿತದ್ದು ಕಡೆಯವರೆಗೂ ಮರೆಯಲಿಲ್ಲ. ಹೊಸ ಹುಡುಗಿಯರು ಇದನ್ನು ಎರಡು ಸಲ ಓದಲಿ.

ಆ ಕಾಲದಲ್ಲಿ ಡಬ್ಬಿಗೆ ಔಷಧ ಹಚ್ಚಿದ ಹತ್ತಿ ಹಾಕುತ್ತಿದ್ದೆವು. ಬಿದ್ದದ್ದೆಲ್ಲ ಸಾಯುತ್ತಿತ್ತು. ಸುಧಾ ಮೇಡಮ್ ಬಂದ ಮೇಲೆ ಅದು ನಿಂತಿತು. ಅವರು ಬೆಟಗೇರಿಯ ಒಬ್ಬ ಮೇಷ್ಟ್ರ ಮಗಳು, ಹುಳುವಿನ ವಿದ್ಯೆಯನ್ನೇ ಓದಿದವರು. ಬಂದ ವಾರದಲ್ಲೇ ಅಂಗಡಿಯಿಂದ ತತ್ತಿ ಇಡುವ ರಟ್ಟಿನ ತಟ್ಟೆ ತಂದು ಡಬ್ಬಿಯೊಳಗೆ ಇಟ್ಟರು. ಔಷಧ ಇಲ್ಲ. ಬೆಳಗ್ಗೆ ನೋಡಿದರೆ ಒಂದೊಂದು ಕುಳಿಯಲ್ಲಿ ಒಂದೊಂದು ಹುಳು ರೆಕ್ಕೆ ಮಡಚಿ ಕುಳಿತಿದೆ, ಜೀವಂತ. ಎಣಿಸುವುದು ಸುಲಭವಾಯಿತು. ನಾನು ಆರನ್ನೂ ಎಣಿಸಿ ಬರೆದು, ಉಳಿದದ್ದನ್ನು ಎಂದಿನಂತೆ ಗುಂಡಿಗೆ ಒಯ್ಯುತ್ತಿದ್ದೆ. ಮೇಡಮ್ ಹಿಂದೆಯೇ ಬಂದರು. ಗುಂಡಿಯ ದಂಡೆಯಲ್ಲಿ ಕುಳಿತು ಒಳಗೆ ನೋಡಿದರು. ಎಷ್ಟು ವರ್ಷದಿಂದ ಇಲ್ಲಿ ಹಾಕುತ್ತೀರಿ ಎಂದು ಕೇಳಿದರು. ಹೇಳಿದೆ. ಇನ್ನು ಇಲ್ಲಿ ಸುರಿಯಬೇಡಿ ಎಂದು ಹೇಳಿ ಎದ್ದರು.

ಮರುದಿನದಿಂದ ಇತರೆಗೆ ಕಾಲ ಬಂತು. ಮೇಡಮ್ ಮೊಬೈಲಿನಲ್ಲಿ ಒಂದು ಗುಂಪು ಇತ್ತು. ಯಾರೂ ಹೊರಳಿ ನೋಡದ ಪ್ರಾಣಿಗಳ ಫೋಟೋ ಹಾಕುವ ಗುಂಪು. ಹುಲಿ, ನವಿಲಿಗೆ ಅಲ್ಲಿ ಪ್ರವೇಶವಿಲ್ಲ. ಜೇಡ, ಜರಿ, ಬಸವನ ಹುಳು, ಸೆಗಣಿ ಉರುಳಿಸುವ ಜೀರುಂಡೆ, ಮಿಡತೆ, ಇಂಥವೇ. ಕೇರಳದವರು, ಅಸ್ಸಾಮಿನವರು, ನಮ್ಮ ಮುಂಡರಗಿಯ ಒಬ್ಬ ಬಸ್ ಕಂಡಕ್ಟರ್, ಎಲ್ಲ ಇದ್ದರು. ಒಂದೊಂದು ಫೋಟೋದ ಕೆಳಗೆ ಮೂರು ಮಾತು ಬರೆಯಲೇಬೇಕು: ಎಲ್ಲಿ ಸಿಕ್ಕಿತು, ಕಂಡವರು ಯಾರು, ನೀವು ಅದನ್ನು ಮುಟ್ಟಿದ್ದೀರಾ ಅಥವಾ ಜಾಗ ಬದಲಿಸಿದ್ದೀರಾ. ಮೂರನೆಯದನ್ನು ಬಚ್ಚಿಟ್ಟವರನ್ನು ಆ ಗುಂಪಿನವರು ಸುಮ್ಮನೆ ಬಿಡುತ್ತಿರಲಿಲ್ಲ.

ಮೊದಲ ಫೋಟೋ ಒಂದು ಪತಂಗದ್ದು. ರೆಕ್ಕೆ ಮಡಚಿದರೆ ಥೇಟ್ ಹಕ್ಕಿ ಹಿಕ್ಕೆ. ತತ್ತಿ ತಟ್ಟೆಯ ಮೇಲೆ ಅದು ಚಂದ ಕಾಣಲಿಲ್ಲ. ನಾನು ಕೂರಲು ತಂದುಕೊಳ್ಳುತ್ತಿದ್ದ, ಬಣ್ಣ ಬಣ್ಣದ ಬಟ್ಟೆ ತುಂಡು ಕೂಡಿಸಿ ಹೊಲಿದ ಹಳೆಯ ಕೌದಿ ಅಲ್ಲೇ ಇತ್ತು. ನೀಲಿ ತುಂಡಿನ ಮೇಲೆ ಕೂರಿಸಿದೆ. ಎದ್ದು ಕಂಡಿತು. ಅವತ್ತಿನಿಂದ ಅದೇ ರೂಢಿಯಾಯಿತು. ಕಂದು ಹುಳು ನೀಲಿ ತುಂಡಿಗೆ, ಹಸಿರು ಹುಳು ಕೆಂಪು ತುಂಡಿಗೆ. ಶಿಗ್ಲಿಯ ನನ್ನ ತಂಗಿ ಹೊಲಿದ ಕೌದಿ ಅದು. ಗುಂಪಿನಲ್ಲಿ ಜನ ಫೋಟೋ ನೋಡಿದ ಕೂಡಲೇ ಇದು ಕೌದಿಯವರದು ಎನ್ನುತ್ತಿದ್ದರು. ಕೆಳಗೆ ಮೇಡಮ್ ಬರೆಯುತ್ತಿದ್ದರು: ಕಂಡವರು ಮಾಬೂಬಿ, ಶಿರಹಟ್ಟಿ. ಅಲ್ಲಿಯವರೆಗೆ ನನ್ನ ಹೆಸರು ಹಾಜರಿ ಪಟ್ಟಿ ಬಿಟ್ಟು ಬೇರೆಲ್ಲೂ ಬಿದ್ದದ್ದಿಲ್ಲ.

ಕಳೆ ತೆಗೆಯುವ ಗಿರಿಜವ್ವ ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು. ಅವಳ ಬಾಯಿಗೆ ನಾನು ಆಗ ಸಿಕ್ಕಿಬಿದ್ದೆ.

“ಏನಬೇ ಮಾಬೂಬಿ, ನಿನ್ನ ಗಂಡ ಇದ್ದಾಗ ಅವಗ ಇಷ್ಟ ಚಂದ ಹಾಸಿಗಿ ಹಾಸಿದ್ದಿಲ್ಲ ನೀ. ಹುಳಕ್ಕ ಹಾಸಾಕತ್ತಿ.”

“ಹುಳಾ ಗೊರಕಿ ಹೊಡಿಯಂಗಿಲ್ಲ ಬಿಡ” ಎಂದೆ.

ಒಂದು ಸಲ ಕೌದಿಯ ಮೇಲೆ ಒಂದು ಕಪ್ಪು ಇರುವೆ ಓಡಾಡುತ್ತಿತ್ತು. ಮೇಡಮ್ ಫೋಟೋ ಹಾಕಿದರು. ಗುಂಪಿನಲ್ಲಿ ಬಲ್ಲವರೇ ಇರುವೆ ಎಂದು ಬರೆದು ಇರುವೆಯ ಜಾತಿಯನ್ನೂ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ನನ್ನದು ಎಣಿಸುವ ಕಣ್ಣು. ಕಾಲು ಎಂಟಿದ್ದವು. ಮುಂದಿನ ಎರಡನ್ನು ಅದು ಇರುವೆಯ ಮೀಸೆಯಂತೆ ಮೇಲೆತ್ತಿ ಆಡಿಸುತ್ತಿತ್ತು, ಕಳ್ಳ. ಜೇಡ ಅದು, ಇರುವೆಯ ವೇಷದ್ದು. ಕಾಲು ಎಣಿಸಿರಿ ಎಂದು ಬರೆಯಿರಿ ಎಂದೆ. ಮೇಡಮ್ ಬರೆದರು. ಅರ್ಧ ತಾಸಿಗೆ ಆ ಬಲ್ಲವರು ತಪ್ಪಾಯಿತು ಎಂದು ಬರೆದರು. ನಾನು ಆ ದಿನ ರೊಟ್ಟಿ ಎರಡು ಹೆಚ್ಚು ತಿಂದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ಗುಂಡಿಗೆ ಸುರಿಯುವುದು ನಿಂತ ಮೇಲೆ ಇತರೆಯನ್ನು ಬಿಡಲು ಒಂದು ಜಾಗ ಬೇಕಿತ್ತು. ಫಾರ್ಮಿನ ಅಂಚಿಗೆ, ಕಪ್ಪತಗುಡ್ಡದ ಕಡೆಗೆ, ಎರಡು ಚಕ್ಕಡಿ ನಿಲ್ಲುವಷ್ಟು ಗಟ್ಟಿ ಗರಸಿನ ನೆಲವಿತ್ತು. ಹುಲ್ಲೂ ಸರಿಯಾಗಿ ಬೆಳೆಯದು. ಅಲ್ಲಿ ಬಿಡುತ್ತಿದ್ದೆ. ಒಂದು ದಿನ ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಮಸುಕು ಬೆಳಕು. ನಾನು ಬಿಟ್ಟ ಒಂದು ಜೀರುಂಡೆ ನೆಲದ ಮೇಲೆ ನಡೆದು ಹೋಗುತ್ತಿತ್ತು. ಅದರ ಪಕ್ಕದ ನೆಲ ಮುಚ್ಚಳದ ಹಾಗೆ ಎದ್ದಿತು. ಒಳಗಿಂದ ಎರಡು ಕಾಲು ಬಂದವು. ಜೀರುಂಡೆ ಇಲ್ಲ. ಮುಚ್ಚಳ ಬಿತ್ತು. ನೆಲ ಮೊದಲಿನ ಹಾಗೇ ಇದೆ.

ಬಗ್ಗಿ ನೋಡಿದರೆ ಏನೂ ಕಾಣದು. ಬೆರಳಾಡಿಸಿದರೂ ತಿಳಿಯದು. ಮೇಡಮ್ ಬಂದ ಮೇಲೆ ಹೇಳಿದೆ. ಅವರಿಗೆ ಕೂಡಲೇ ಗೊತ್ತಾಯಿತು. ನೆಲದಲ್ಲಿ ಬಿಲ ತೋಡಿ, ಬಿಲದ ಬಾಯಿಗೆ ಮಣ್ಣು ಮತ್ತು ನೂಲಿನಿಂದ ಕದ ಮಾಡಿ, ಕದಕ್ಕೆ ಬಿಜಾಗರಿಯನ್ನೂ ಇಡುವ ಜೇಡವಂತೆ. ಕದ ಎಲೆ ಅಡಿಕೆಯ ಸುಣ್ಣದ ಡಬ್ಬಿಯ ಮುಚ್ಚಳದಷ್ಟು. ಒಂದೇ ಕಡೆ ವರ್ಷಗಟ್ಟಲೆ ಬದುಕುತ್ತದೆ, ಕಿತ್ತು ಬೇರೆಡೆ ಇಡಲು ಬರುವುದಿಲ್ಲ. ನಾವಿಬ್ಬರೂ ಒಂದು ತಿಂಗಳು ಬೆಳಗಿನ ಜಾವ ಕಾದು ಕುಳಿತು ಹದಿನೈದು ಕದ ಪತ್ತೆ ಮಾಡಿದೆವು. ಗುರುತಿಗೆ ಒಂದೊಂದರ ಪಕ್ಕ ಒಂದೊಂದು ಹರಳು ಇಟ್ಟೆ. ಗುಂಪಿನಲ್ಲಿ ಫೋಟೋ ಹಾಕಿದಾಗ ನೋಡಿದವರು ಕದ ಎಲ್ಲಿದೆ ಎಂದೇ ಕೇಳುತ್ತಿದ್ದರು. ಬರೀ ನೆಲದ ಫೋಟೋ ಹಾಕಿದ್ದೀರಿ ಎಂದು ಒಬ್ಬ ನಕ್ಕ.

ಅಷ್ಟರಲ್ಲಿ ಹೊಸ ಸಾಹೇಬರು ಬಂದಿದ್ದರು. ಕೆಟ್ಟವರಲ್ಲ. ಹಿಂದಿನ ವರ್ಷ ಒಕ್ಕಿದ ಹೆಸರುಕಾಳು ಮಳೆಗೆ ತೊಯ್ದು ಮೊಳಕೆ ಬಂದು ಹೋಗಿತ್ತು. ಬೀಜ ಒಣಗಿಸಲು ಸಿಮೆಂಟಿನ ಕಣ ಬೇಕೇ ಬೇಕು ಎಂದು ಅವರು ಹಟ ಹಿಡಿದಿದ್ದರು. ಅದಕ್ಕೆ ಗೊತ್ತು ಮಾಡಿದ್ದು ಇದೇ ಜಾಗ. ಉಸುಕು ಬಂದು ಬಿದ್ದಿತ್ತು. ಮೇಡಮ್ ಹೋಗಿ ಜೇಡದ ವಿಷಯ ಹೇಳಿದರು. ನಾನೂ ಹಿಂದೆ ನಿಂತಿದ್ದೆ.

“ಬಿತ್ತಾಕ ಬರದ ನೆಲಾ ಅದೊಂದ ಐತಿ” ಎಂದರು ಸಾಹೇಬರು. “ಜ್ಯಾಡಕ್ಕ ಬಿಡು ಅಂತೀರಿ. ನನಗಂತೂ ಅಲ್ಲೇನೂ ಕಾಣವಲ್ದು. ಆತು, ಧಾರವಾಡದಿಂದ ನಿಮ್ಮ ಮಾಸ್ತರು ಸೋಮವಾರ ಬರ್ತಾರಲ್ಲ, ಅವರು ಬಂದು ನನಗ ತೋರಸ್ಲಿ. ತೋರಿಸಿದ್ರ ಬಿಡ್ತೀನಿ. ಇಲ್ಲಾಂದ್ರ ಶುಕ್ರವಾರ ಗೌಂಡ್ಯಾರು ಸಿಮೆಂಟ್ ಹಾಕಾಕ ಬರ್ತಾರ.”

ಮಾಸ್ತರು ಎಂದರೆ ಗುಂಪಿನಲ್ಲಿದ್ದ ಒಬ್ಬ ಹಿರಿಯರು, ಜೇಡಗಳನ್ನೇ ಓದಿದವರು. ಅವರು ಬರುತ್ತಾರೆಂದರೆ ನನ್ನ ಜಾಗಕ್ಕೆ ನೆಂಟರು ಬಂದ ಹಾಗೆ.

ನಾವು ಬಾಗಿಲ ಮುಂದೆ ಸಾರಿಸದೆ ನೆಂಟರನ್ನು ಕರೆಯುವವರಲ್ಲ. ರವಿವಾರ ಸಂಜೆ ನಾನು ಗಿರಿಜವ್ವನನ್ನು ಕರೆದುಕೊಂಡು ಹೋದೆ. ಮೊದಲು ಗುಡಿಸಿದೆ. ಆಮೇಲೆ ಎರಡು ಬುಟ್ಟಿ ಸೆಗಣಿ ತಿಳಿಯಾಗಿ ಕಲಸಿ ಅಂಚಿನಿಂದ ಅಂಚಿಗೆ ತೆಳ್ಳಗೆ ಸಾರಿಸಿದೆ. ಕದ ಇದೆಯಲ್ಲ, ಮುಚ್ಚಿರುತ್ತದೆ, ಒಳಗೆ ಹನಿ ನೀರೂ ಇಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಗಿರಿಜವ್ವ ಸುಮ್ಮನಿರದೆ, ಹಸಿ ಇದ್ದಾಗಲೇ ಉದ್ದಕ್ಕೂ ರಂಗೋಲಿಯ ನಾಲ್ಕು ಎಳೆ ಎಳೆದಳು. ಎದ್ದು ನಿಂತು ನೋಡಿದೆವು. ಬಹಳ ಚಂದ ಕಂಡಿತು.

ಬೆಳಗ್ಗೆ ಮೇಡಮ್ ಬಂದು ಅಂಚಿನಲ್ಲೇ ನಿಂತುಬಿಟ್ಟರು.

“ಅವ್ವಾ, ಹರಳು ಎಲ್ಲಿ?” ಎಂದು ಕೇಳಿದರು.

ಆಗ ನನಗೆ ತಿಳಿಯಿತು. ಗುರುತಿಗೆ ಇಟ್ಟಿದ್ದ ಹದಿನೈದು ಹರಳನ್ನೂ ನಾನೇ ಕಸವೆಂದು ಗುಡಿಸಿದ್ದೆ. ಸಾರಣೆ ಒಣಗಿ ಕದ, ನೆಲ ಎಲ್ಲ ಒಂದೇ ಹಾಸಾಗಿ ಅಂಟಿಕೊಂಡಿತ್ತು. ಎಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲ, ಮೇಡಮ್‌ಗೂ ಗೊತ್ತಿಲ್ಲ.

ಮಾಸ್ತರು ಬಂದರು. ಸಾಹೇಬರೂ ಬಂದರು. ತೋರಿಸಲು ಏನೂ ಇರಲಿಲ್ಲ. ಸಾಹೇಬರು ನೆಲವನ್ನು ಬೂಟಿನ ತುದಿಯಿಂದ ತಟ್ಟಿ ನೋಡಿದರು.

“ಮಾಬೂಬಿ, ಅರ್ಧಾ ಕಣಾ ನೀನ ಮಾಡಿಟ್ಟಿ. ಇನ್ನ ಸಿಮೆಂಟ್ ಹಾಕೂದೊಂದ ಬಾಕಿ.”

ಅವರು ನಕ್ಕದ್ದಕ್ಕೆ ನನಗೆ ಬೇಸರವಿಲ್ಲ. ನಾನಾಗಿದ್ದರೂ ನಗುತ್ತಿದ್ದೆ. ಮಾಸ್ತರು ಮಾತ್ರ ನಗಲಿಲ್ಲ. ಮೊಣಕಾಲೂರಿ ಕುಳಿತು, ಸಾರಣೆಯ ದಪ್ಪವನ್ನು ಉಗುರಿನಿಂದ ನೋಡಿ, ನನ್ನ ಕಡೆ ತಿರುಗಿದರು.

“ತಾಯಿ, ಒಳಗ ಜೀವ ಇದ್ರ ಅವ ಕೊರಕೊಂಡು ಬರ್ತಾವ. ನೀವು ಕೈ ಹಚ್ಚಬ್ಯಾಡ್ರಿ, ಕೆರೀಬ್ಯಾಡ್ರಿ, ನೀರು ಹಾಕಬ್ಯಾಡ್ರಿ. ಕಾಯೂದೊಂದ ಕೆಲಸ ಅದ.”

ಕಾಯುವುದು ಎಷ್ಟು ಕಷ್ಟದ ಕೆಲಸ ಎಂದು ಆ ಮೂರು ದಿನದಲ್ಲಿ ತಿಳಿಯಿತು. ಮಂಗಳವಾರ ಬೆಳಗ್ಗೆ ಹೋದೆ, ಏನೂ ಇಲ್ಲ. ಬುಧವಾರ ಹೋದೆ, ಏನೂ ಇಲ್ಲ. ಕೈ ತುರಿಸುತ್ತಿತ್ತು, ಒಂದು ಮೂಲೆಯನ್ನಾದರೂ ಕೆರೆದು ನೋಡೋಣವೆಂದು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತೆ. ಹದಿನೈದು ಮನೆಯ ಬಾಗಿಲಿಗೆ ಹೊರಗಿನಿಂದ ಮಣ್ಣು ಮೆತ್ತಿ ಬಂದವಳು ನಾನು ಎಂಬುದು ಊಟಕ್ಕೆ ಕುಳಿತಾಗೆಲ್ಲ ನೆನಪಾಗುತ್ತಿತ್ತು.

ಗುರುವಾರ ಮಸುಕಿನಲ್ಲಿ ಹೋದೆ. ಮೊದಲು ಏನೂ ಕಾಣಲಿಲ್ಲ. ಗಿರಿಜವ್ವನ ರಂಗೋಲಿಯ ಎಳೆಯನ್ನೇ ನೋಡುತ್ತ ಹೋದೆ. ಎರಡನೆಯ ಎಳೆ ಒಂದು ಕಡೆ ಮುರಿದಿತ್ತು. ಬೆರಳಿನಷ್ಟು ತುಂಡು, ಎಳೆಗೆ ಎಳೆ ಸರಿಯಾಗಿ ಕೂಡಿರಲಿಲ್ಲ, ಕೂದಲಿನಷ್ಟು ಸರಿದಿತ್ತು. ಬಗ್ಗಿದೆ. ಸುತ್ತಲೂ ಒಂದು ಗೆರೆ, ಸುಣ್ಣದ ಡಬ್ಬಿಯ ಮುಚ್ಚಳದಷ್ಟು, ಚಾಕುವಿನಿಂದ ಕೊರೆದಷ್ಟು ದುಂಡಗೆ. ಸೆಗಣಿ, ರಂಗೋಲಿ ಎಲ್ಲ ಸೇರಿಸಿಯೇ ಅದು ತನ್ನ ಕದವನ್ನು ಕತ್ತರಿಸಿಕೊಂಡಿತ್ತು.

ಆಮೇಲೆ ಕಣ್ಣು ಹೊಂದಿಕೊಂಡಿತು. ಇನ್ನೊಂದು, ಮತ್ತೊಂದು. ಬರೀ ಗರಸಿನಲ್ಲಿ ಒಂದು ತಿಂಗಳು ಕುಳಿತರೂ ಕಷ್ಟಪಟ್ಟು ಹುಡುಕಬೇಕಾಗಿದ್ದ ಕದಗಳು ಒಪ್ಪವಾದ ನೆಲದ ಮೇಲೆ ಎದ್ದು ಕಾಣುತ್ತಿದ್ದವು. ಎಣಿಸಿದೆ, ಹನ್ನೊಂದು. ಮತ್ತೆ ಎಣಿಸಿದೆ, ಹನ್ನೊಂದೇ. ಉಳಿದ ನಾಲ್ಕು ತೆರೆಯಲಿಲ್ಲ. ಅವು ಕಡೆಗೂ ತೆರೆಯಲಿಲ್ಲ. ಅವನ್ನು ಕೊಂದವಳು ನಾನು. ಅದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

ನನ್ನ ಮಗಳು ಕೊಟ್ಟ ಹಳೆಯ ಮೊಬೈಲು ನನ್ನ ಹತ್ತಿರವೂ ಇತ್ತು. ಅಲ್ಲಿಯವರೆಗೆ ಫೋಟೋ ತೆಗೆಯುವುದು ಮೇಡಮ್ ಕೆಲಸ, ಹುಡುಕುವುದು ನನ್ನ ಕೆಲಸ. ಅವತ್ತು ನಾನೇ ತೆಗೆದೆ. ಮೊಬೈಲಿನಲ್ಲಿ ಅಕ್ಷರ ಒತ್ತಲು ನನಗೆ ಬರುತ್ತಿರಲಿಲ್ಲ. ಬಲೆಯ ಹಾಳೆಯ ಬೆನ್ನಿಗೆ ಪೆನ್ಸಿಲಿನಿಂದ ಬರೆದು, ಹಾಳೆಯನ್ನು ಕದದ ಪಕ್ಕ ಇಟ್ಟು, ಎರಡೂ ಕಾಣುವಂತೆ ಇನ್ನೊಂದು ಫೋಟೋ ತೆಗೆದೆ. ಮೇಡಮ್ ಬಂದು ಕದಗಳನ್ನು ನೋಡಿ ನನ್ನ ಭುಜ ಹಿಡಿದು ನಿಂತರು. ಹಾಳೆ ಓದಿದ ಮೇಲೆ ಹಿಂಜರಿದರು.

“ಅವ್ವಾ, ಸೆಗಣಿ ಮಾತು ಬ್ಯಾಡ. ಜನಾ ಬೈತಾರ. ಸಾಹೇಬರ ಕಿವಿಗೆ ಬಿದ್ರ ಅದನ್ನ ಹಿಡಕೊಂಡು ಕಣಾ ಹಾಕಸ್ತಾರ.”

“ಮುಟ್ಟೀರೇನು ಅಂತ ಕೇಳೂದು ಅವರ ನಿಯಮ” ಎಂದೆ. “ಮುಟ್ಟೇನಿ. ಹಾಕ್ರಿ.”

ಹಾಕಿದರು. ಹಾಳೆಯ ಮೇಲೆ ಇದ್ದದ್ದು ಇಷ್ಟು: ‘ಇದರ ಮೇಲೆ ನಾನು ಸೆಗಣಿ ಸಾರಿಸಿದ್ದೆ. ಹದಿನೈದರಲ್ಲಿ ನಾಲ್ಕು ತೆರೆಯಲಿಲ್ಲ. ತಪ್ಪು ನನ್ನದು. ಕದ ಅದರದು. ಮಾಬೂಬಿ.’

ಬೈದರು. ನ್ಯಾಯವಾಗಿಯೇ ಬೈದರು. ಆದರೆ ಬೈದವರೂ ಆ ಫೋಟೋವನ್ನು ಮತ್ತೊಬ್ಬರಿಗೆ ಕಳಿಸಿದರು. ಸಂಜೆಯೊಳಗೆ ಅದು ಎಲ್ಲೆಲ್ಲಿಗೋ ಹೋಗಿತ್ತು. ರಂಗೋಲಿ ಎಳೆಯ ಜೇಡ ಎಂದೇ ಅದಕ್ಕೆ ಹೆಸರಾಯಿತು. ಧಾರವಾಡದ ಮಾಸ್ತರು ಬರೆದದ್ದು ನನಗೆ ಬಾಯಿಪಾಠ: ‘ಇಷ್ಟು ವರ್ಷ ಮೊಣಕಾಲ ಮೇಲೆ ಹುಡುಕಿದ್ದೇನೆ, ಹನ್ನೊಂದು ಕದ ಒಟ್ಟಿಗೆ ಕಂಡವನಲ್ಲ. ಆದರೂ ತಾಯಿ, ಇನ್ನೊಮ್ಮೆ ಹೀಗೆ ಮಾಡಬೇಡಿ.’

ಸಾಹೇಬರ ಮೊಬೈಲಿಗೂ ಯಾರೋ ಕಳಿಸಿದ್ದರು. ನನ್ನನ್ನು ಕರೆಸಿದರು.

“ಖರೆ ಹೇಳು ಮಾಬೂಬಿ. ಸುಣ್ಣದ ಡಬ್ಬಿ ಮುಚ್ಚಳಾ ಒತ್ತೀಯಿಲ್ಲೋ ನೀ? ಅಷ್ಟ ದುಂಡಗ ಹುಳಾ ಕೊರೀತದ ಅಂದ್ರ ಯಾರ ನಂಬ್ತಾರ?”

ಸೆಗಣಿ ಸಾರಿಸಿದೆ ಎಂದು ನಾನೇ ಊರಿಗೆಲ್ಲ ಬರೆದವಳು, ಮುಚ್ಚಳ ಒತ್ತಿದ್ದರೆ ಅದನ್ನೂ ಬರೆಯುತ್ತಿದ್ದೆ ಎಂದೆ. ನಾಳೆ ಗೌಂಡಿಯವರು ಬರುವ ಮೊದಲು, ಬೆಳಕು ಹರಿಯುವ ಹೊತ್ತಿಗೆ ಬನ್ನಿ, ಆಮೇಲೆ ಏನು ಬೇಕಾದರೂ ಮಾಡಿ ಎಂದೆ. ಬರುತ್ತಾರೆಂದು ಅಂದುಕೊಂಡಿರಲಿಲ್ಲ. ಬಂದರು, ಇಸ್ತ್ರಿ ಪ್ಯಾಂಟು ಹಾಕಿಕೊಂಡೇ.

ಬಲೆಯ ಡಬ್ಬಿಯಿಂದ ಇತರೆಯ ಒಂದು ಜೀರುಂಡೆ ತಂದಿದ್ದೆ. ಕೌದಿ ಹಾಸಿ ಸಾಹೇಬರನ್ನು ಕುಕ್ಕರಗಾಲಿನಲ್ಲಿ ಕೂರಿಸಿದೆ. ಮಾತಾಡಬೇಡಿ, ಕಾಲು ಅಲುಗಿಸಬೇಡಿ ಎಂದೆ. ಜೀರುಂಡೆಯನ್ನು ರಂಗೋಲಿ ಎಳೆಯಿಂದ ಒಂದು ಮೊಳ ದೂರ ಬಿಟ್ಟೆ. ಅದು ಬೇರೆ ಕಡೆ ಹೊರಟಿತು. ಕಡ್ಡಿಯಿಂದ ತಿರುಗಿಸಿದೆ. ಮತ್ತೆ ಬೇರೆ ಕಡೆ ಹೊರಟಿತು. ಸಾಹೇಬರ ಮೊಣಕಾಲು ಲಟ್ ಎಂದಿತು. ದೂರದಲ್ಲಿ ಟ್ರ್ಯಾಕ್ಟರಿನ ಸಪ್ಪಳ ಕೇಳುತ್ತಿತ್ತು, ಸಿಮೆಂಟು ಬರುತ್ತಿತ್ತು.

ಜೀರುಂಡೆ ಎಳೆ ದಾಟಿತು. ಬಿಳಿ ಎಳೆಯ ಒಂದು ತುಂಡು ಮೇಲೆದ್ದಿತು. ಎರಡು ಕಾಲು. ಆಮೇಲೆ ಎಳೆ ಮೊದಲಿನ ಹಾಗೆ ಕೂಡಿಕೊಂಡಿತು, ಕೂದಲಿನಷ್ಟು ಸರಿದು.

ಸಾಹೇಬರು ಹಿಂದಕ್ಕೆ ವಾಲಿ ಸಾರಿಸಿದ ನೆಲದ ಮೇಲೆಯೇ ಕುಳಿತುಬಿಟ್ಟರು.

“ಇನ್ನೊಂದ ಹುಳಾ ಐತೇನು?” ಎಂದು ಕೇಳಿದರು.

ಇತ್ತು. ಬಿಟ್ಟೆ. ಅದು ಬದುಕಿಕೊಂಡು ಹೋಯಿತು. ಸಾಹೇಬರು ಎದ್ದು, ಬಂದ ಟ್ರ್ಯಾಕ್ಟರಿಗೆ ಕೈ ತೋರಿಸಿ ಹಾಳುಬಿದ್ದ ಹಳೆಯ ಗೋದಾಮಿನ ಕಡೆ ಕಳಿಸಿದರು. ಅಲ್ಲಿ ಗಿಡಗಂಟಿ ಕಡಿಯಲು ಒಂದು ವಾರ ಹಿಡಿಯಿತು. ಕಣ ಈಗಲೂ ಅಲ್ಲೇ ಇದೆ, ಹೆಸರುಕಾಳು ಅದರ ಮೇಲೆಯೇ ಒಣಗುತ್ತದೆ.

ನಾನು ಕೆಲಸ ಬಿಡುವ ದಿನ ಶಾಲು ತಂದಿದ್ದರು. ಏನಾದರೂ ಬೇಕಾ ಎಂದು ಸಾಹೇಬರು ಕೇಳಿದರು. ಒಂದು ಹಲಗೆ ಬರೆಸಿಕೊಡಿ ಎಂದೆ. ಜೇಡದ ಜಾಗದ ಅಂಚಿನಲ್ಲಿ ನೆಟ್ಟಿದ್ದಾರೆ: ‘ಇಲ್ಲಿ ಸಾರಿಸಬಾರದು.’ ಗದಗಿನಿಂದ, ಲಕ್ಷ್ಮೇಶ್ವರದಿಂದ ಮೊಬೈಲು ಹಿಡಿದು ಬರುವ ಹುಡುಗ ಹುಡುಗಿಯರು ಅದನ್ನು ಓದಿ ನಗುತ್ತಾರಂತೆ. ಕಾಡಂಚಿನ ಗರಸನ್ನು ಯಾರು ಸಾರಿಸುತ್ತಾರೆ ಎಂದು ಕೇಳುತ್ತಾರಂತೆ. ಗಿರಿಜವ್ವ ಇನ್ನೂ ಕೆಲಸದಲ್ಲಿದ್ದಾಳೆ, ಅವಳೇ ಹೇಳುತ್ತಾಳೆ, ರಂಗೋಲಿಯ ಮಾತನ್ನು ಸ್ವಲ್ಪ ಹೆಚ್ಚು ಸೇರಿಸಿ.

ಹೊಸ ಹುಡುಗಿಯರೇ, ಬಲೆಯ ಹಾಳೆಯಲ್ಲಿ ಏಳನೆಯ ಖಾನೆ ಈಗ ಎಲ್ಲಕ್ಕಿಂತ ಅಗಲವಾಗಿದೆ. ಅದನ್ನು ಮೇಡಮ್ ಮಾಡಿದರು, ಅದನ್ನು ತುಂಬಿದವಳು ನಾನು. ಡಬ್ಬಿಯನ್ನು ಬೆಳಕು ಹರಿಯುವ ಮೊದಲೇ ತೆಗೆಯಿರಿ. ಇತರೆಯನ್ನು ಹಲಗೆಯ ಈಚೆ ಬಿಡಿ. ಒಂದೆರಡು ದಾರಿ ತಪ್ಪಿ ಆಚೆ ಹೋದರೆ ಹೋಗಲಿ, ಜೇಡಗಳೂ ಉಣ್ಣಬೇಕಲ್ಲ. ಮಳೆಗೆ ಸಾರಣೆ ತೊಳೆದು ಹೋಗಿದೆ, ಕದ ಕಾಣುವುದಿಲ್ಲ. ಕುಳಿತು ಕಾಯಬೇಕು. ನಾನು ಬಿಟ್ಟು ಬಂದ ದಿನ ಹತ್ತೊಂಬತ್ತು ಇದ್ದವು. ಈಗ ಎಷ್ಟಿವೆ ಎಂದು ನನಗೆ ಹೇಳಿ ಕಳಿಸಿ. ಎಣಿಸಿ ಹೇಳಿ. ಅಂದಾಜು ಬೇಡ.